ವಸ್ತ್ರದಾನ: ಕೊಡುವವರೂ ಪಡೆಯುವವರೂ



ಅನ್ನದಾನವನ್ನು ಕೊಂಡಾಡುವವರು ನಮ್ಮಲ್ಲಿ ಬಹು ಮಂದಿ. ವಸ್ತ್ರದಾನವೆಂದರೆ ಮಾತ್ರ ನಮಗೆ ಬೀರುವಿನ ಕೆಳಗಣ ಖಾನೆ ನೆನಪಾಗುತ್ತದೆ. ಹಿಂದೊಮ್ಮೆ ನಾನು ಅಂಥ ಗಂಟೊಂದನ್ನು ಕಟ್ಟುತ್ತಿದ್ದಾಗ ನಮ್ಮ ತಾಯಿಯವರು ಅದನ್ನು ಬಿಚ್ಚಿ, ಗುಂಡಿಯಿಲ್ಲದ ಅಂಗಿಯೊಂದನ್ನು ಎತ್ತಿ ಹಿಡಿದು, "ಇದನ್ನು ತೊಟ್ಟು ನೀನು ಬೀದಿಗೆ ಹೋಗುವೆಯಾ?" ಎಂದರು. ಅರ್ಧ ಗಂಟು ಮನೆ ಒರಸಲು ಉಳಿಯಿತು.

ಹಸಿದವನು ಹೇಗೋ ನಾಲ್ಕು ಮನೆಯ ಬಾಗಿಲಿಗೆ ಹೋಗಬಲ್ಲನು. ಉಡಲಿಲ್ಲದವನು ತನ್ನ ಬಾಗಿಲನ್ನೇ ದಾಟಲಾರನು. ಬೇಡುವುದಕ್ಕೂ ಒಂದು ಬಟ್ಟೆ ಬೇಕಷ್ಟೆ! 1917ರಲ್ಲಿ ಚಂಪಾರಣ್ಯದ ಹಳ್ಳಿಯೊಂದರಲ್ಲಿ ಕಸ್ತೂರಬಾ ಅವರು, ಬಟ್ಟೆಯನ್ನೇಕೆ ಒಗೆಯುವುದಿಲ್ಲವೆಂದು ಹೆಂಗಸರನ್ನು ವಿಚಾರಿಸಿದರು. ಒಬ್ಬಾಕೆ ಅವರನ್ನು ಗುಡಿಸಿಲೊಳಗೆ ಕರೆದೊಯ್ದು, ಮೈಮೇಲಿನ ಸೀರೆಯ ಹೊರತು ಬೇರೊಂದಿಲ್ಲವೆಂಬುದನ್ನು ತೋರಿಸಿದಳು. ಗಾಂಧೀಜಿಯವರು ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ. 1974ರಲ್ಲಿ ಪೂರ್ಣವಾದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದವು. ಹುಲಿಗಳಿಗಾಗಿ ಅರಣ್ಯವನ್ನು ಮೀಸಲಿಟ್ಟಾಗ ಮತ್ತಷ್ಟು ಕುಟುಂಬಗಳು ನೆಲೆ ತಪ್ಪಿದವು. ಇಲ್ಲಿಂದ ಅನೇಕರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಜಡಿಮಳೆ ಹಿಡಿದು ಕೂಲಿ ನಿಂತ ದಿನ, ಇರುವ ಒಂದೇ ಲಂಗ ಒಲೆಯ ಮುಂದೆ ಆರುವವರೆಗೂ ಮಗು ಶಾಲೆಗೆ ಹೇಗೆ ಹೋದೀತು?

ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರ ಉಚಿತವಾಗಿ ದೊರೆಯುತ್ತದೆ. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಉಳಿದ ಬಟ್ಟೆಗೆ ಉಪಾಧ್ಯಾಯರಿಗೋ ಅಂಗನವಾಡಿಯ ಕಾರ್ಯಕರ್ತೆಗೋ ಒಂದು ಮಾತು ಹೇಳಿದರೆ, ಅವರು ಅದನ್ನು ಸೇವಾಸಂಸ್ಥೆಗಳಿಗೆ ಮುಟ್ಟಿಸಬಲ್ಲರು. ಹೇಳುವವನ ಹೆಸರು ಊರಿಗೆಲ್ಲ ತಿಳಿಯಬೇಕಾದ ಅಗತ್ಯವಿಲ್ಲ. ಬಟ್ಟೆ ಹಂಚಿ, ಪಡೆದವರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸುವ ಪದ್ಧತಿಯಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

1999ರಲ್ಲಿ ದೆಹಲಿಯ ಅಂಶು ಗುಪ್ತ ಅವರು 67 ಬಟ್ಟೆಗಳಿಂದ ಆರಂಭಿಸಿದ 'ಗೂಂಜ್' ಸಂಸ್ಥೆಯು ಬೇರೊಂದು ದಾರಿ ಹಿಡಿಯಿತು. ಹಳ್ಳಿಗರು ತಮ್ಮೂರಿಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ಆರಿಸಿ ದುರಸ್ತಿಮಾಡುತ್ತಾರೆ; ಬಟ್ಟೆ ಅದಕ್ಕೆ ಪ್ರತಿಫಲವಾಗಿ ಬರುತ್ತದೆ. ಪಡೆದವನು ತಲೆ ತಗ್ಗಿಸಬೇಕಾದುದಿಲ್ಲ. ಈ ಕಾರ್ಯಕ್ಕಾಗಿ ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆದರೆ ಮುದುಕರೂ ಬಾಣಂತಿಯರೂ ರಸ್ತೆ ಕಡಿಯಲಾರರು; ಅವರಿಗೆ ಯಾವ ಕರಾರೂ ಇಲ್ಲದೆ ಕೊಡಬೇಕೆಂದು ನನ್ನ ಅಭಿಪ್ರಾಯ.

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಯಲ್ಲಿ ಹಳೆಯ ಬಟ್ಟೆಯ ರಾಶಿಗಳು ಬಿದ್ದಿದ್ದವು. ಮನೆಮಠ ಕಳೆದುಕೊಂಡ ಬೆಸ್ತರು ಸಹ ಅವನ್ನು ಮುಟ್ಟಲಿಲ್ಲ. ಆದುದರಿಂದ ಕೊಡುವವರು ಮೊದಲು ಏನು ಬೇಕೆಂದು ಕೇಳಲಿ. ಕಾಡಂಚಿನ ಊರಿಗೆ ಕಂಬಳಿ, ಮಕ್ಕಳ ಉಣ್ಣೆಯಂಗಿ, ರವಕೆ ಲಂಗಗಳ ಸಹಿತವಾದ ಸೀರೆ ಇವು ಒದಗುತ್ತವೆ. ಒಗೆದು, ಗುಂಡಿ ಹೊಲಿದು, ಯಾವ ವಯಸ್ಸಿನವರದೆಂದು ಚೀಟಿ ಅಂಟಿಸಿ ಮೇ ತಿಂಗಳಲ್ಲಿಯೇ ಕಳುಹಿಸಬೇಕು. ಆಷಾಢದಲ್ಲಿ ಹೊರಟ ಗಂಟು ದಾರಿಯಲ್ಲಿಯೇ ನೆನೆದುಹೋಗುತ್ತದೆ.