ಕಡಿದ ಮರದ ಬೊಡ್ಡೆ

ತೆಂಗಿನ ಮರವೊಂದು ಸತ್ತರೆ ಕಡಿಸುತ್ತೇವೆ. ಕಾಂಡವನ್ನು ತೊಲೆಗೋ ಸೌದೆಗೋ ಸಾಗಿಸುತ್ತೇವೆ. ನೆಲಮಟ್ಟದಲ್ಲಿ ಉಳಿದ ಬೊಡ್ಡೆಯ ಮೇಲೆ ಮಣ್ಣೆಳೆದು, ಪಕ್ಕದಲ್ಲೇ ಹೊಸ ಸಸಿ ನೆಟ್ಟು, ಕೆಲಸ ಮುಗಿಯಿತೆನ್ನುತ್ತೇವೆ. ನಮ್ಮ ಕಾಮಗೆರೆಯ ಸುತ್ತಿನಲ್ಲಿಯೂ ಹೀಗೆ ಮಾಡುವವರುಂಟು. ಮರ ಸತ್ತದ್ದು ಅಣಬೆ ರೋಗದಿಂದಾದರೆ ಕೆಲಸ ಮುಗಿದಿಲ್ಲ. ಮರ ಹೋಯಿತು, ರೋಗ ಬೊಡ್ಡೆಯಲ್ಲೇ ಉಳಿಯಿತು.

ಈ ಹೆಸರಿನ ಬಗೆಗೆ ಒಂದು ಮಾತು. ಅಡಕೆಯ ತೋಟದವರು ಬಳಸುವ ಈ ಕನ್ನಡ ಹೆಸರನ್ನು, ಕೊಳೆರೋಗವೆಂಬ ಹೆಸರಿನಂತೆಯೇ, ಇಂಗ್ಲಿಷಿನ ಸಸ್ಯರೋಗ ಗ್ರಂಥಗಳೂ ಇದ್ದಂತೆ ತೆಗೆದುಕೊಂಡಿವೆ. ಭಾಷೆ ಕಲಿಸುವವನಿಗೆ ಇದು ಹೆಮ್ಮೆಯ ಸಂಗತಿಯೇ. ಆದರೂ ಹೆಸರು ತುಸು ದಾರಿ ತಪ್ಪಿಸುತ್ತದೆ. ಬುಡದಲ್ಲಿ ಅಣಬೆ ಮೂಡುವುದು ಕಟ್ಟಕಡೆಗೆ. ಕೆಲವು ಮರಗಳಲ್ಲಿ ಮೂಡುವುದೇ ಇಲ್ಲ. ಮೂಡಿದರೂ ಅದು ಮಳೆಗಾಲದ ಮೆತ್ತನೆಯ ನಾಯಿಕೊಡೆಯಲ್ಲ. ಮರದಂತೆ ಗಟ್ಟಿ, ಮೇಲ್ಮೈ ಅರಗು ಬಳಿದಂತೆ ಹೊಳೆಯುವ ಕೆಂಗಂದು, ಕೆಳಮೈ ಬಿಳುಪು. ವಿಜ್ಞಾನಿಗಳು ಇದನ್ನು ಗ್ಯಾನೊಡರ್ಮ ಎನ್ನುತ್ತಾರೆ. ಚೀನೀಯರು ಈ ಕುಲದ ಅಣಬೆಯನ್ನು ಔಷಧಿಯೆಂದು ಬಳಸುತ್ತಾರಂತೆ. ನಮ್ಮ ತೆಂಗಿಗೆ ಅದು ಮೃತ್ಯು. ಕಣ್ಣಿಗೆ ಕಾಣುವ ಅಣಬೆ ಆ ಶಿಲೀಂಧ್ರದ ಫಲ ಮಾತ್ರ. ಅದರ ನೂಲಿನಂಥ ಒಡಲು ಬೇರುಗಳೊಳಗೂ ಬುಡದೊಳಗೂ ಹಬ್ಬಿರುತ್ತದೆ. ಫಲ ಕಿತ್ತೆಸೆದರೆ ಗಿಡ ಸಾಯುತ್ತದೆಯೆ?

ಆದುದರಿಂದ ಅಣಬೆಗಾಗಿ ಕಾಯಬಾರದು. ಬುಡದ ಬಿರುಕುಗಳಿಂದ ಕೆಂಗಂದು ರಸ ಒಸರುವುದು, ಕೆಳಗಿನ ಗರಿಗಳು ಬಾಡಿ ಕಾಂಡಕ್ಕೆ ಜೋತುಬೀಳುವುದು, ಎಳೆಗಾಯಿ ಉದುರುವುದು, ಇವೇ ಮುನ್ಸೂಚನೆಗಳು. ರಸ ಒಸರುವ ಬೇರೊಂದು ರೋಗವೂ ತೆಂಗಿಗುಂಟು. ಗರಿ, ಬುಡ, ಬೇರು ಮೂರನ್ನೂ ನೋಡಿ ತೀರ್ಮಾನಿಸಬೇಕು.

ರೋಗದ ಬೇರು ನೆರೆಮರದ ಬೇರನ್ನು ಮುಟ್ಟಿದಲ್ಲಿ ಶಿಲೀಂಧ್ರ ದಾಟುತ್ತದೆ. ಬೊಡ್ಡೆ ಅದಕ್ಕೆ ವರ್ಷಗಟ್ಟಲೆ ಸಾಕಾಗುವ ಕಣಜ. ಮಲೇಷಿಯಾ, ಇಂಡೊನೇಷಿಯಾಗಳ ಎಣ್ಣೆತಾಳೆ ತೋಟಗಳಲ್ಲಿಯೂ ಹಳೆಯ ಬೊಡ್ಡೆಗಳ ನಡುವೆ ಮರುನಾಟಿ ಮಾಡಿದಲ್ಲಿ ಇದೇ ಕುಲದ ಶಿಲೀಂಧ್ರ ಹೊಸ ಮರಗಳನ್ನು ಕೊಲ್ಲುತ್ತದೆ. ಬದುವಿನ ಹೊಂಗೆಗೂ ಈ ರೋಗ ತಗುಲುವುದುಂಟು. ತೋಟದಂಚಿನ ಹೊಂಗೆಯನ್ನು ಕಡಿಸುವವರು ಇದನ್ನು ನೆನಪಿಡಬೇಕು.

ಬೊಡ್ಡೆ ತೆಗೆಸಿರೆಂದು ಹೇಳುವುದು ಸುಲಭ. "ಸತ್ತೋದ ಮರ್ಕೆ ಇನ್ನೆಷ್ಟು ಕೂಲಿ ಕೊಡದು ಮೇಷ್ಟ್ರೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಡಿಯುವುದಕ್ಕಿಂತ ಅಗೆಯುವುದೇ ಕಷ್ಟ. ಆದರೆ ಹತ್ತಿಪ್ಪತ್ತು ಮರದ ಕಾಯಿಯಿಂದಲೇ ಮಕ್ಕಳ ಪುಸ್ತಕ, ಬಟ್ಟೆ ನಡೆಯುವ ಮನೆಯಲ್ಲಿ ಎರಡನೆಯ ಮರ ಬಿದ್ದರೆ ಆ ನಷ್ಟ ಕೂಲಿಯನ್ನು ಮೀರುತ್ತದೆ. ಕಡಿಸುವ ಕರಾರಿನಲ್ಲೇ ಬೊಡ್ಡೆಯನ್ನೂ ಸೇರಿಸಿ ಮಾತಾಡುವುದು ಜಾಣತನ. ಆಳು ಸಿಕ್ಕಿದ ದಿನವೇ ಎರಡೂ ಆಗಬೇಕು.

ಬೊಡ್ಡೆಯನ್ನೂ ದೊರೆತಷ್ಟು ಬೇರನ್ನೂ ಅಗೆಸಿ, ಅಲ್ಲಿಯೇ ಸುಡಬೇಕು. ಎಳೆದೊಯ್ದು ಬೇಲಿಗೆ ಒಟ್ಟಬಾರದು. ಇನ್ನೂ ನಿಂತಿರುವ ರೋಗದ ಮರವಾದರೆ ಬುಡದಿಂದ ನಾಲ್ಕು ಅಡಿ ದೂರದಲ್ಲಿ ಸುತ್ತಲೂ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೋಡಿ ಬೇರುಗಳ ನಂಟು ಕಡಿಯಬೇಕು. ಸುತ್ತಲಿನ ಮರಗಳಿಗೆ ವರ್ಷಕ್ಕೆ ತಲಾ 5 ಕಿಲೋ ಬೇವಿನ ಹಿಂಡಿಯೊಡನೆ 50 ಗ್ರಾಂ ಟ್ರೈಕೊಡರ್ಮ ಬೆರೆಸಿ ಪಾತಿಗೆ ಹಾಕಬೇಕು. ಟ್ರೈಕೊಡರ್ಮವೂ ಶಿಲೀಂಧ್ರವೇ, ಆದರೆ ಶತ್ರುವಿನ ಶತ್ರು. ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋಗೆ 100 ಲೀಟರ್ ನೀರಿನಂತೆ ಮಾಡಿದ ಬೋರ್ಡೋ ದ್ರಾವಣವನ್ನು ಮರಕ್ಕೆ 40 ಲೀಟರಿನಷ್ಟು ಬುಡದ ಸುತ್ತ ಸುರಿಯುವುದೂ ಉಂಟು. ಎರಡನ್ನೂ ಒಂದೇ ಹೊತ್ತಿಗೆ ಹಾಕಬೇಡಿ. ತಾಮ್ರ ಟ್ರೈಕೊಡರ್ಮವನ್ನೂ ಕೊಂದೀತು.

ನೀರಿನ ವಿಷಯದಲ್ಲಿ ನಮ್ಮವರು ಉದಾಸೀನರು. ಒಂದು ಪಾತಿಯಿಂದ ಇನ್ನೊಂದಕ್ಕೆ ನೀರು ಹರಿಯಬಿಟ್ಟರೆ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಮರಮರಕ್ಕೂ ಬೇರೆ ಪಾತಿ, ಬೇರೆ ನೀರು ಇರಲಿ. ಬುಡದ ಬಳಿ ನೇಗಿಲು ಹೊಡೆದು ಬೇರು ಗಾಯಗೊಳಿಸುವುದೂ ಬೇಡ. ಬರಿದಾದ ಜಾಗದಲ್ಲಿ ಒಡನೆಯೇ ತೆಂಗು ನೆಡದೆ ಕೆಲಕಾಲ ಬಾಳೆ ಬೆಳೆಯಬಹುದು. ಬೇರಿನ ಮೂಲಕ ಔಷಧ ಕೊಡುವ ಕ್ರಮವೂ ಇದೆ; ಅದರ ಪ್ರಮಾಣವನ್ನು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಹೋಗುವಾಗ ರೋಗದ ಬೇರಿನ ತುಂಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ.