ಮರೆವಿನ ಮಾತ್ರೆ, ಕೆಮ್ಮಿನ ಸಿರಪ್ಪು

ಮಂಗಳೂರಿನಲ್ಲಿ ವೈದ್ಯರಿಗೆ ಬರ ಇಲ್ಲ. ವೆನ್ಲಾಕ್‌ನಿಂದ ಹಿಡಿದು ಮೆಡಿಕಲ್ ಕಾಲೇಜು ಆಸ್ಪತ್ರೆಗಳವರೆಗೆ ನರಕ್ಕೊಬ್ಬರು, ಎದೆಗೊಬ್ಬರು, ಕಿವಿ-ಮೂಗು-ಗಂಟಲಿಗೊಬ್ಬರು ತಜ್ಞರಿದ್ದಾರೆ. ಒಳ್ಳೇದೇ. ಆದರೆ ಮನೆಯ ಹಿರಿಯರು ನುಂಗುವ ಅಷ್ಟೂ ಮಾತ್ರೆಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರು? ಇವತ್ತಿನ ಪ್ರಶ್ನೆ ಅದು.

ಅಲ್ಝೈಮರ್ ಮರೆವಿಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮಾತ್ರೆಗಳ ಹೆಸರು ಕೇಳಿರುತ್ತೀರಿ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಿದೆ. ನೆನಪಿಗೆ ಅದು ಬೇಕು. ಅದನ್ನು ಒಡೆದು ಹಾಕುವ ಕಿಣ್ವವೇ ಕೋಲಿನೆಸ್ಟರೇಸ್. ಈ ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಆದರೆ ಅಸಿಟೈಲ್‌ಕೋಲಿನ್ ಇರುವುದು ಮಿದುಳಿನಲ್ಲಿ ಮಾತ್ರವಲ್ಲ. ಮೂಗಿನಲ್ಲಿ, ಶ್ವಾಸನಾಳದಲ್ಲಿ ಅದು ಹೆಚ್ಚಾದರೆ ಮೂಗು ಸೋರುತ್ತದೆ, ಕಫ ಕಟ್ಟುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಕೆಲವರಿಗೆ ಕೆಮ್ಮು ಶುರು.

ಮನೆಯವರು ಏನಂತಾರೆ? "ಮಳೆಗಾಲ ಅಲ್ವಾ, ಶೀತ ಆಗಿದೆ." ಮೆಡಿಕಲ್ ಶಾಪಿನಿಂದ ಸಿರಪ್ಪು ಬರುತ್ತದೆ. ಅಸಲಿ ತೊಂದರೆ ಇರುವುದು ಇಲ್ಲೇ. ಎಷ್ಟೋ ಸಿರಪ್ಪುಗಳಲ್ಲಿರುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಅದೇ ಅಸಿಟೈಲ್‌ಕೋಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಬೆಳಿಗ್ಗೆ ಕೊಟ್ಟದ್ದನ್ನು ರಾತ್ರಿ ಕಿತ್ತುಕೊಂಡಂತೆ. ಅಜ್ಜನಿಗೆ ಗೊಂದಲ, ಮಂಪರು, ಮಲಬದ್ಧತೆ. "ಮರೆವು ಜಾಸ್ತಿಯಾಯ್ತು" ಅಂತ ಮತ್ತೆ ಡಾಕ್ಟರ ಬಳಿ ಓಟ!

ಒಂದು ಔಷಧದ ಅಡ್ಡಪರಿಣಾಮವನ್ನೇ ಹೊಸ ರೋಗ ಅಂದುಕೊಂಡು ಇನ್ನೊಂದು ಔಷಧ ಬರೆಯುವ ಈ ಸರಪಳಿಯನ್ನು ಪೌಲಾ ರೋಚನ್, ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು 1997ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದ್ದರು. ಇದೇ ಮರೆವಿನ ಮಾತ್ರೆ ತಿನ್ನುವವರಿಗೆ ಮೂತ್ರ ತಡೆಯಲಾಗದ ತೊಂದರೆಗೆ ವಿರುದ್ಧ ಗುಣದ ಔಷಧ ಸೇರಿಕೊಳ್ಳುವುದು ಹೆಚ್ಚು ಎಂದು ಕೆನಡಾದ ಒಂಟಾರಿಯೊದ ಅಧ್ಯಯನವೊಂದು 2005ರಲ್ಲಿ ತೋರಿಸಿತು.

ಹಾಗಂತ ಎಲ್ಲ ಕೆಮ್ಮಿಗೂ ಈ ಮಾತ್ರೆಯೇ ಕಾರಣವಲ್ಲ. ಕ್ಷಯ ಇರಬಹುದು, ನ್ಯುಮೋನಿಯಾ ಇರಬಹುದು, ಊಟ ಗಂಟಲಲ್ಲಿ ತಪ್ಪು ದಾರಿ ಹಿಡಿದಿರಬಹುದು. ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಯೂ ಒಣಕೆಮ್ಮು ತರುತ್ತದೆ. ಆದ್ದರಿಂದ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಮಾಡಬೇಕಾದದ್ದು ಇಷ್ಟೇ. ಮಾತ್ರೆ ಶುರುವಾದ ದಿನ, ಕೆಮ್ಮು ಶುರುವಾದ ದಿನ, ಎರಡನ್ನೂ ಬರೆದಿಡಿ. ಸಿರಪ್ಪು ಸೇರಿ ಮನೆಯಲ್ಲಿರುವ ಅಷ್ಟೂ ಔಷಧವನ್ನು ಒಂದೇ ಚೀಲಕ್ಕೆ ಹಾಕಿ ಒಬ್ಬ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಆಸ್ತಮಾ ಇದ್ದರೆ ಮೊದಲೇ ಹೇಳಿ.

ಮರೆವು ಇರುವವರು ತಮ್ಮ ಕಷ್ಟ ತಾವೇ ಹೇಳಲಾರರು. ಅವರ ಪರವಾಗಿ ಕೇಳಬೇಕಾದವರು ನಾವು.