ತಟ್ಟೆ ಬಾರಿಸಿದ ಊರು

ಮುಂಬಯಿಯ ಸ್ತ್ರೀ ಚಳುವಳಿಯ ಕಥೆ ಹೇಳಲು ಕುಳಿತಾಗಲೆಲ್ಲ ನನ್ನ ಕಿವಿಗೆ ಮೊದಲು ಬರುವುದು ತಟ್ಟೆಗಳ ಸದ್ದು. 1973ರ ಬೇಸಗೆ ರಜೆ. ನನಗಾಗ ಹತ್ತು ವರ್ಷ. ಗೋರೆಗಾಂವದ ಒಂದು ಚಾಳಿನಲ್ಲಿ ಚಿಕ್ಕಮ್ಮನ ಸಂಸಾರವಿತ್ತು. ಊರಿನಿಂದ ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ಒಂದು ಸಂಜೆ, ಮೊದಲೇ ಗೊತ್ತುಮಾಡಿಕೊಂಡಿದ್ದ ಹೊತ್ತಿಗೆ, ಚಾಳಿನ ಉದ್ದಕ್ಕೂ ಹೆಂಗಸರು ತಂತಮ್ಮ ಬಾಗಿಲಲ್ಲಿ ನಿಂತು ಲಟ್ಟಣಿಗೆಯಿಂದ ತಟ್ಟೆ ಬಾರಿಸತೊಡಗಿದರು. ಚಿಕ್ಕಮ್ಮನ ತೊಟ್ಟಿಲಲ್ಲಿ ಮಗುವಿತ್ತು; ಮೆರವಣಿಗೆಗೆ ಹೋಗುವಂತಿರಲಿಲ್ಲ. ಹಾಗೆ ಮನೆ ಬಿಟ್ಟು ಹೊರಡಲಾರದವರಿಗೆಂದೇ ಹುಡುಕಿದ ಉಪಾಯವದು. ಚಿಕ್ಕಪ್ಪನೇ ನಗುತ್ತ ಅಡುಗೆಮನೆಯಿಂದ ತಟ್ಟೆ ತಂದುಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಈ ನಗುವಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಅದು ಮಹಾರಾಷ್ಟ್ರದಲ್ಲಿ ಭೀಕರ ಬರಗಾಲವಿದ್ದ ಕಾಲ. ಧಾನ್ಯ, ಸಕ್ಕರೆ, ಅಡುಗೆ ಎಣ್ಣೆ, ಸೀಮೆಎಣ್ಣೆ ಒಂದೊಂದೂ ಕೈಗೆಟುಕದಾಗಿತ್ತು. ರೇಷನ್ ಅಂಗಡಿಯ ಮುಂದಿನ ಸಾಲು ನಸುಕಿಗೇ ಮೊದಲಾಗುತ್ತಿತ್ತು. 1972ರಲ್ಲಿ ಬೇರೆ ಬೇರೆ ಪಕ್ಷಗಳ ಹೆಂಗಸರು ಕೂಡಿ ಬೆಲೆಯೇರಿಕೆಯ ವಿರುದ್ಧ ಒಂದು ಸಂಯುಕ್ತ ಸಮಿತಿಯನ್ನು ಕಟ್ಟಿದರು. ಸಮಾಜವಾದಿಗಳಾದ ಮೃಣಾಲ್ ಗೋರೆ, ಪ್ರಮೀಳಾ ದಂಡವತೆ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಅಹಿಲ್ಯಾ ರಾಂಗಣೇಕರ್ – ಗಂಡಸರು ಒಂದೇ ವೇದಿಕೆಯ ಮೇಲೆ ಕೂರಲು ಹಿಂದುಮುಂದು ನೋಡುತ್ತಿದ್ದ ಪಕ್ಷಗಳಿಂದ ಬಂದ ಇವರು ಒಂದೇ ಮೆರವಣಿಗೆಯಲ್ಲಿ ನಡೆದರು. ಹತ್ತಿಪ್ಪತ್ತು ಸಾವಿರ ಹೆಂಗಸರು ಲಟ್ಟಣಿಗೆ ಎತ್ತಿಹಿಡಿದು ಬೀದಿಗಿಳಿದ ದಿನಗಳಿದ್ದವೆಂದು ಈ ಚಳುವಳಿಯ ಇತಿಹಾಸ ಬರೆದವರು ಹೇಳುತ್ತಾರೆ.

ಗೋರೆಗಾಂವದವರಿಗೆ ಮೃಣಾಲ್ ಗೋರೆ ಹೊಸಬರಲ್ಲ. ವೈದ್ಯಕೀಯ ವ್ಯಾಸಂಗವನ್ನು ನಡುವೆಯೇ ಬಿಟ್ಟು ಸಮಾಜಕಾರ್ಯಕ್ಕೆ ಬಂದವರು. 1958ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೂ ಅದನ್ನು ಬಿಡಲಿಲ್ಲ. 1961ರಲ್ಲಿ ಮಹಾನಗರಪಾಲಿಕೆಗೆ ಆರಿಸಿಬಂದು, ಉಪನಗರಗಳಿಗೆ ಕುಡಿಯುವ ನೀರು ತರಿಸಲು ಪಟ್ಟು ಹಿಡಿದು ಹೋರಾಡಿದರು. ಜನ ಅವರನ್ನು ‘ಪಾಣಿವಾಲಿ ಬಾಯಿ’ ಎಂದು ಕರೆದರು. ನೀರಿನ ಬಾಯಿ! ಪದ್ಮಶ್ರೀ, ಪದ್ಮಭೂಷಣಗಳಿಗಿಂತ ಇಂಥ ಬಿರುದು ಮೇಲೆಂದು ನನಗೆ ಅನ್ನಿಸುತ್ತದೆ. 1975ರ ತುರ್ತುಪರಿಸ್ಥಿತಿಯಲ್ಲಿ ಈ ಮೂವರೂ ಸೆರೆಮನೆ ಕಂಡರು. 1977ರಲ್ಲಿ ಮೃಣಾಲ್ ಮತ್ತು ಅಹಿಲ್ಯಾ ಮುಂಬಯಿಯಿಂದಲೇ ಲೋಕಸಭೆಗೆ ಹೋದರು.

ಈಗ ಚಿಕ್ಕಪ್ಪನ ನಗು. ತಟ್ಟೆಯ ಸದ್ದಿಗೆ ಚಾಳಿನ ಯಾವ ಗಂಡಸೂ ಬೇಡವೆನ್ನಲಿಲ್ಲ. ಬೆಲೆ ಇಳಿದರೆ ಗಂಡಸಿನ ಜೇಬಿಗೂ ಸುಖವೇ ತಾನೆ? ಹೆಂಡತಿ ಅಡುಗೆಮನೆಯ ಪರವಾಗಿ ಮಾತನಾಡುವಷ್ಟು ಕಾಲ ಅವಳ ದನಿ ಎಷ್ಟು ಎತ್ತರಕ್ಕೇರಿದರೂ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದೇ ಚಾಳಿನಲ್ಲಿ, ಚಿಕ್ಕಮ್ಮನ ಮನೆಯಿಂದ ಮೂರನೆಯ ಕೋಣೆಯಲ್ಲಿ, ಸಂಬಳದ ವಾರ ಬಂತೆಂದರೆ ಒಬ್ಬ ಹೆಂಗಸಿಗೆ ಹೊಡೆತ ತಪ್ಪುತ್ತಿರಲಿಲ್ಲ. ಆ ಸದ್ದೂ ಚಾಳಿಗೆಲ್ಲ ಕೇಳುತ್ತಿತ್ತು. ತಟ್ಟೆ ಬಾರಿಸಿದ ಹೆಂಗಸರು ಆಗ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಚಿಕ್ಕಮ್ಮ ರೇಡಿಯೋದ ಸದ್ದು ತುಸು ಹೆಚ್ಚಿಸುತ್ತಿದ್ದರು. ಬಾನುಲಿಯ ಮುಂದೆಯೇ ಕುಳಿತು ಇದನ್ನು ಹೇಳಬೇಕಾಗಿ ಬಂದಿರುವುದಕ್ಕೆ ಶ್ರೋತೃಗಳು ಮನ್ನಿಸಬೇಕು.

ಲಟ್ಟಣಿಗೆಗಳು ಮುಂಬಯಿಯ ಬೀದಿಗಿಳಿದ ಆ 1972ರಲ್ಲೇ, ಮಾರ್ಚ್ ತಿಂಗಳ ಒಂದು ರಾತ್ರಿ, ಅದೇ ರಾಜ್ಯದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೋಲೀಸು ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆದಿತ್ತು. ಮುಂಬಯಿಗೆ ಆಗ ಅದರ ಸುದ್ದಿ ಮುಟ್ಟಲಿಲ್ಲ. ಕೆಳಗಿನ ನ್ಯಾಯಾಲಯ ಆಪಾದಿತರನ್ನು ಬಿಟ್ಟಿತು, ಉಚ್ಚ ನ್ಯಾಯಾಲಯ ಶಿಕ್ಷಿಸಿತು; 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆದುದರಿಂದ ಅವಳು ಪ್ರತಿಭಟಿಸಿರಲಿಲ್ಲ ಎಂಬುದು ತೀರ್ಪಿನ ತರ್ಕ. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ಆ ಪತ್ರ ಕೈಯಿಂದ ಕೈಗೆ ದಾಟಿ ಮುಂಬಯಿಗೆ ಬಂದಿತು. 1980ರಲ್ಲಿ ಅಲ್ಲಿ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು. ಮಾರ್ಚ್ 8ರಂದು ಮುಂಬಯಿಯಂತೆ ಬೇರೆ ನಗರಗಳಲ್ಲೂ ಹೆಂಗಸರು ಮೊಕದ್ದಮೆಯ ಮರುವಿಚಾರಣೆಯಾಗಬೇಕೆಂದು ಬೀದಿಗಿಳಿದರು.

ಈ ಹೊಸಬರಲ್ಲಿ ಓದಿದ ತರುಣಿಯರೇ ಹೆಚ್ಚು. ಪಕ್ಷದ ಹಂಗು ಬೇಡವೆಂದವರು. ಇಂಗ್ಲಿಷಿನಲ್ಲಿ ಚರ್ಚಿಸುವ ಇವರಿಗೆ ಚಾಳಿನ ಕಷ್ಟವೇನು ಗೊತ್ತೆಂಬ ಟೀಕೆ ಅಂದೂ ಇತ್ತು, ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೂ ಚಾಳಿನವರು ಮುಚ್ಚಿಕೊಂಡ ಬಾಗಿಲನ್ನು ತಟ್ಟಿದವರು ಇವರೇ. ಅತ್ಯಾಚಾರದ ಮಾತೆತ್ತಿದ ಕೂಡಲೇ ಇವರ ಬಳಿಗೆ ಬಂದವರಲ್ಲಿ ಗಂಡನಿಂದ ಏಟು ತಿಂದವರು ಅನೇಕರು. ಅವರಿಗೆ ಬೇಕಾಗಿದ್ದದ್ದು ಕಾನೂನಿನ ಪುಸ್ತಕಕ್ಕಿಂತ ಮೊದಲು ಆ ರಾತ್ರಿ ಮಲಗಲು ಒಂದು ಜಾಗ. ಅತ್ಯಾಚಾರ ವಿರೋಧಿ ವೇದಿಕೆ ಮುಂದೆ ಸ್ತ್ರೀಯರ ಮೇಲಿನ ಎಲ್ಲ ದಬ್ಬಾಳಿಕೆಯ ವಿರುದ್ಧದ ವೇದಿಕೆಯೆಂದು ಹೆಸರು ಬದಲಿಸಿಕೊಂಡದ್ದರ ಹಿಂದೆ ಈ ಅನುಭವವಿದೆ.

ಹಾಗೆ ಬಂದವರಲ್ಲಿ ನಮ್ಮ ಮಂಗಳೂರಿನಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಒಬ್ಬರು. ದಾಂಪತ್ಯದಲ್ಲಿ ತಾವುಂಡ ಹಿಂಸೆಯನ್ನು ಅವರು 1984ರಲ್ಲಿ ಆತ್ಮಕಥೆಯಾಗಿ ಬರೆದರು. ಅನಂತರ ವಕೀಲರಾಗಿ, ನೆಲೆ ತಪ್ಪಿದ ಹೆಂಗಸರಿಗೆ ನ್ಯಾಯಾಲಯದಲ್ಲಿ ನೆರವಾಗುವ ‘ಮಜಲಿಸ್’ ಸಂಸ್ಥೆಯನ್ನು ಕಟ್ಟಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಠಾಣೆಯಂಥ ಕಡೆ ಅತ್ಯಾಚಾರ ನಡೆದಾಗ ಒಪ್ಪಿಗೆ ಇರಲಿಲ್ಲವೆಂದು ಹೆಂಗಸು ಹೇಳಿದರೆ ನ್ಯಾಯಾಲಯ ಅದನ್ನೇ ಹಿಡಿದು ನಡೆಯಬೇಕೆಂದಾಯಿತು. ಗಂಡನ ಕ್ರೌರ್ಯವೂ ದಂಡಸಂಹಿತೆಯಲ್ಲಿ ಅಪರಾಧವೆನಿಸಿತು. ಎಲ್ಲರೂ ಹಿಗ್ಗಿದರು. ಆದರೆ ಕಾಯ್ದೆಗಳು ಬೆಳೆದಷ್ಟು ಹೆಂಗಸರ ರಕ್ಷಣೆ ಬೆಳೆಯಲಿಲ್ಲವೆಂದು ಮುಂದೆ ಲೆಕ್ಕ ಹಿಡಿದು ತೋರಿಸಿದವರೂ ಈ ಫ್ಲೇವಿಯಾ ಅವರೇ. ತಾನು ದುಡಿದ ಚಳುವಳಿಯ ಕುರಿತು ಹೀಗೆ ಬರೆಯಲು ಎದೆಗಾರಿಕೆ ಬೇಕು.

ಹಳಬರೂ ಹೊಸಬರೂ ಕೊನೆಯವರೆಗೂ ಬೇರೆಯಾಗಿಯೇ ಉಳಿದರೆಂದಲ್ಲ. ಗರ್ಭದಲ್ಲೇ ಹೆಣ್ಣನ್ನು ಗುರುತಿಸಿ ತೆಗೆಸುವ ಪರೀಕ್ಷೆಯ ವಿರುದ್ಧ ಎಂಬತ್ತರ ದಶಕದ ನಡುವೆ ಈ ತರುಣಿಯರು ಎದ್ದಾಗ, ವಿಧಾನಸಭೆಯಲ್ಲಿ ಅವರ ದನಿಯಾದವರು ಪಾಣಿವಾಲಿ ಬಾಯಿಯೇ. 1988ರಲ್ಲಿ ಮಹಾರಾಷ್ಟ್ರ ಅದನ್ನು ತಡೆಯುವ ಕಾಯ್ದೆ ತಂದಿತು. ದೇಶದಲ್ಲಿ ಅದೇ ಮೊದಲು.

ಮೃಣಾಲ್ ಗೋರೆ 2012ರಲ್ಲಿ ತೀರಿಕೊಂಡಾಗ ಚಿಕ್ಕಮ್ಮ ಊರಿಗೆ ಬಂದು ನೆಲೆಸಿ ಬಹಳ ವರ್ಷಗಳಾಗಿದ್ದವು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ತೋರಿಸಿದೆ. ತಟ್ಟೆಯ ಸಂಜೆಯ ಮಾತು ಬಂತು. ಮೂರನೆಯ ಕೋಣೆಯ ವಿಷಯವನ್ನೂ ಆಗ ಕೇಳಿಬಿಟ್ಟೆ, ಕೇಳಬಾರದಿತ್ತೇನೋ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕೇಳುತ್ತಿತ್ತು ಮಗಾ, ಎಲ್ಲರಿಗೂ ಕೇಳುತ್ತಿತ್ತು. ಸೀಮೆಎಣ್ಣೆಗಾದರೆ ಮಂತ್ರಿಯಿದ್ದ, ಅವನ ಮನೆಯ ಮುಂದೆ ಹೋಗಿ ಕೂರಬಹುದಿತ್ತು. ಇದಕ್ಕೆ ಯಾರ ಮನೆಯ ಮುಂದೆ ಹೋಗಿ ಕೂರುವುದು? ಅವಳ ಮನೆಯ ಮುಂದೆಯೇ ಕೂರಬಹುದಿತ್ತೆಂದು ಆಗ ನಮಗೆ ಹೊಳೆಯಲೇ ಇಲ್ಲ.”

ಆ ಸಂಸಾರ ತುರ್ತುಪರಿಸ್ಥಿತಿಯ ವರ್ಷವೇ ಚಾಳು ಬಿಟ್ಟು ಹೋಗಿತ್ತಂತೆ. ಎಲ್ಲಿಗೆಂದು ಚಿಕ್ಕಮ್ಮನಿಗೆ ತಿಳಿದಿರಲಿಲ್ಲ.